2006ರ ಜಿಪ್ಸಿ: ಸ್ಟೀರಿಂಗ್ ನಡುಕ, 4ಎಲ್ ಹಾರೋದು, ನೆಲದಲ್ಲಿ ತೂತು. 3.6 ಲಕ್ಷಕ್ಕೆ ತಗೋಬಹುದಾ?

ಹೊಸಹಾದಿ
ನೋಡಿಟ್ಟಿರೋದು ಮಾರುತಿ ಜಿಪ್ಸಿ ಕಿಂಗ್, 1.3 ಎಂಪಿಎಫ್‌ಐ, ಸಾಫ್ಟ್ ಟಾಪ್. ನೋಂದಣಿ ಜೂನ್ 2006, ಕೆಎ-05, ಈಗಿರೋರು ಎರಡನೇ ಓನರ್. ಮೀಟರ್ 1.12 ಲಕ್ಷ ಕಿ.ಮೀ. ಅಂತಿದೆ. ಕೇಳ್ತಿರೋದು 3.6 ಲಕ್ಷ.

ಮಾರೋರು ಏನನ್ನೂ ಮುಚ್ಚಿಟ್ಟಿಲ್ಲ. 55-60ರಲ್ಲಿ ಗುಂಡಿಗೆ ಇಳಿದ್ರೆ ಸ್ಟೀರಿಂಗ್ ಗಡಗಡ ನಡುಗುತ್ತೆ, ಸ್ಪೀಡ್ ಇಳಿಸಿದ್ರೆ ನಿಲ್ಲುತ್ತೆ. 4ಎಲ್ (ಫೋರ್‌ವೀಲ್‌ನ ಲೋ ಗಿಯರ್) ಹಾಕಿ ಏರು ಹತ್ತಿಸಿದ್ರೆ ಲಿವರ್ ನ್ಯೂಟ್ರಲ್‌ಗೆ ಹಾರುತ್ತೆ. ಡ್ರೈವರ್ ಕಾಲಡಿ ನೆಲ ತುಕ್ಕು ತಿಂದು ನಾಣ್ಯದಷ್ಟು ತೂತು. ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತ್ರೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತೆ. ಮುಂದಿನ ಎಡ ಚಕ್ರದ ಒಳಬದಿಗೆ ಎಣ್ಣೆ ಒಸರಿದ ಗುರುತು ಇದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಈ ಜೂನ್‌ಗೆ ಮುಗಿಯುತ್ತೆ, ಅಂದ್ರೆ ಇನ್ನೆರಡು ತಿಂಗಳು.

ಬಳಕೆ ಶನಿವಾರ ಭಾನುವಾರ, ಮಣ್ಣು ರಸ್ತೆ. ದಿನಾ ಆಫೀಸಿಗಲ್ಲ. ತಗೊಳ್ಳೋದಾ ಬಿಡೋದಾ?

ಚುರುಮುರಿ
ಆರು ರೋಗ ಹೇಳಿದ್ರಿ. ಏಳನೇದು ತಗೊಳ್ಳೋರ ತಲೆಯಲ್ಲಿದೆ. ಬಿಟ್ಬಿಡಿ ಸಾರ್.

ಎಲೆಪಟ್ಟಿ
ಚುರುಮುರಿ ಮಾತು ಪಕ್ಕಕ್ಕಿಡಿ. ಇಲ್ಲಿ ಬರೆದಿರೋದೆಲ್ಲ ಬಿಚ್ಚಿ ಹಾಕೋ ಸಾಮಾನು, ಒಂದನ್ನ ಬಿಟ್ಟು. ಬೇರಿಂಗ್, ಸೀಲು, ಮೌಂಟು ಬೆಂಗಳೂರಿನ ಜೆಸಿ ರೋಡಲ್ಲಿ ಸಿಗುತ್ತೆ. ಸೇನೆ, ಪೊಲೀಸು, ಅರಣ್ಯ ಇಲಾಖೆ ಎಲ್ಲ ಓಡಿಸಿದ ಗಾಡಿ, 2019ರಲ್ಲಿ ತಯಾರಿ ನಿಂತ್ರೂ ಪಾರ್ಟ್ಸ್‌ಗೆ ಬರ ಬಂದಿಲ್ಲ. ಆದ್ರೆ ತುಕ್ಕು ಚಾಸಿಸ್‌ಗೆ ಇಳಿದಿದ್ರೆ 3.6 ಅಲ್ಲ, 1.6ಕ್ಕೂ ಬೇಡ. ಕೆಳಗೆ ಮಲಗಿ ನೋಡಿದ್ರಾ?

ಹೊಸಹಾದಿ
ಬಗ್ಗಿ ನೋಡಿದ್ದು ಅಷ್ಟೇ. ಕೆಳಗಡೆ ಕಪ್ಪಗೆ ನೀಟಾಗಿ ಕೋಟಿಂಗ್ ಇತ್ತು.

ಎಲೆಪಟ್ಟಿ
ಇಪ್ಪತ್ತು ವರ್ಷದ ಗಾಡಿಯ ಕೆಳಗಡೆ ನೀಟಾಗಿದ್ರೆ ಮೊದಲು ಅನುಮಾನ ಪಡಿ. ಮಾರೋಕೆ ಮುಂಚೆ ಹೊಡೆಸಿದ ಕಪ್ಪು ಕೋಟಿಂಗ್ ಆಗಿದ್ರೆ ಬೋಲ್ಟ್, ಪೈಪು, ರಬ್ಬರ್ ಬುಷ್ ಮೇಲೂ ಒಂದೇ ಸಮ ಬಿದ್ದಿರುತ್ತೆ.

ಗ್ರೀಸ್ ಕೈ
ನಡುಕದ ಬಗ್ಗೆ. ಜಿಪ್ಸಿ ಮುಂದಿನ ಆಕ್ಸಲ್ ಗಟ್ಟಿ ಆಕ್ಸಲ್, ಎರಡು ತುದೀಲಿ ನಕಲ್, ಅಂದ್ರೆ ಚಕ್ರ ಹಿಡಿದು ತಿರುಗೋ ಗೆಣ್ಣು. ಪ್ರತಿ ನಕಲ್ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಟೇಪರ್ ಬೇರಿಂಗ್ ಮೇಲೆ ತಿರುಗುತ್ತೆ, ಒಟ್ಟು ನಾಲ್ಕು. ಅವು ಸವೆದ್ರೆ ನಕಲ್ ಸಡಿಲ ಆಗುತ್ತೆ. ಒಂದು ಗುಂಡಿ ಸಿಕ್ಕಿದ್ದೇ ನೆಪ, ಎರಡೂ ಚಕ್ರ ಅತ್ತ ಇತ್ತ ಹೊಡೆದಾಡ್ತವೆ. ಸ್ಪೀಡ್ ಇಳಿಸಿದ ಮೇಲೇ ನಿಲ್ಲೋದು ಅಂದ್ರಲ್ಲ, ಗುರುತು ಅದೇ.

ಹತ್ತು ನಿಮಿಷದ ಪರೀಕ್ಷೆ. ಮುಂದಿನ ಒಂದು ಚಕ್ರ ಜ್ಯಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಟೈರನ್ನ 12 ಗಂಟೆ ಮತ್ತು 6 ಗಂಟೆ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಲೊಟಲೊಟ ಅಂತಾ? ಒಬ್ರು ಒಳಗೆ ಕೂತು ಬ್ರೇಕ್ ಒತ್ತಿ ಹಿಡೀಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯ ಆದ್ರೆ ವೀಲ್ ಬೇರಿಂಗ್. ಒತ್ತಿದ್ರೂ ಇದ್ರೆ ಕಿಂಗ್‌ಪಿನ್. ಆಮೇಲೆ 9 ಮತ್ತು 3 ಗಂಟೆ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಅಲ್ಲಿ ಆಟ ಇದ್ರೆ ಟೈ ರಾಡ್ ಎಂಡ್ ಕಡೆ ನೋಡಿ.

ಮೆಜೆಸ್ಟಿಕ್ ಮಾವ
ಇಷ್ಟೆಲ್ಲ ಯಾಕೆ? ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿ, ನಡುಕ ನಿಂತೋಗುತ್ತೆ. ಅರ್ಧ ಗಂಟೆ ಕೆಲಸ.

ಗ್ರೀಸ್ ಕೈ
ನಿಲ್ಲುತ್ತೆ ಮಾವ, ಆರು ತಿಂಗಳು. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ. ಒಳಗಡೆ ಬೇರಿಂಗ್ ಸವೀತಾನೇ ಇರುತ್ತೆ, ಆಮೇಲೆ ಡ್ಯಾಂಪರ್ ಕೈಲೂ ತಡೆಯೋಕಾಗಲ್ಲ. ಡ್ಯಾಂಪರ್ ಕೊನೆಗೆ ಹಾಕಿ, ಮೊದಲಿಗಲ್ಲ. ಇನ್ನು ಕೆಲವರು ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ತಿರುಗಿಸಿ ಬಿಗಿ ಮಾಡ್ತಾರೆ. ಅತಿಯಾದ್ರೆ ನೇರ ಹೋಗುವಾಗ ಸ್ಟೀರಿಂಗ್ ಹಿಡಿಯುತ್ತೆ, ತಿರುಗಿಸಿದ ಮೇಲೆ ತಾನಾಗಿ ವಾಪಸ್ ಬರಲ್ಲ.

ಎಡಗಡೆ ಎಣ್ಣೆ ಅಂದ್ರಲ್ಲ. ಆಕ್ಸಲ್ ಕೊಳವೆಯೊಳಗಿನ ಆಯಿಲ್ ಸೀಲ್ ಹೋಗಿದೆ. ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚೋ ಗಿಯರು) ಎಣ್ಣೆ ನಕಲ್ ಒಳಗೆ ನುಗ್ಗಿ ಅಲ್ಲಿರೋ ಗ್ರೀಸನ್ನ ಸಾರಿನ ಹಾಗೆ ನೀರು ಮಾಡುತ್ತೆ, ಆಮೇಲೆ ಹೊರಗಿನ ದೊಡ್ಡ ಸೀಲ್ ದಾಟಿ ಒಸರುತ್ತೆ. ಕಿಂಗ್‌ಪಿನ್ ಸವೆಯೋಕೂ ಅದೇ ಕಾರಣ ಆಗಿರಬಹುದು. ಎರಡೂ ಒಂದೇ ಬಿಚ್ಚೋ ಕೆಲಸ, ಒಂದೇ ಲೇಬರ್. ಎರಡು ತೊಂದರೆ ಅಂತ ಎರಡು ಸಲ ಲೆಕ್ಕ ಹಾಕ್ಬೇಡಿ.

ಲೋ ರೇಂಜ್
ಟೈರ್ ಸೈಜ್ ಎಷ್ಟು? ಯಾರೂ ಕೇಳಿಲ್ಲ.

ಹೊಸಹಾದಿ
235/75 ಆರ್15. ದೊಡ್ಡ ಕಚ್ಚು ಇರೋ ಮಡ್ ಟೈರ್. ನೋಡೋಕೆ ಚೆನ್ನಾಗಿದೆ 😀

ಲೋ ರೇಂಜ್
ಅಲ್ಲೇ ಇದೆ ಕಥೆ. ಕಿಂಗ್‌ಗೆ ಕಂಪನಿ ಕೊಟ್ಟಿದ್ದು 205/70 ಆರ್15, ಹೊರ ವ್ಯಾಸ ಸುಮಾರು 668 ಮಿ.ಮೀ. 235/75 ಅಂದ್ರೆ 733. ಹತ್ತು ಪರ್ಸೆಂಟ್ ದೊಡ್ಡದು. ಮೀಟರ್ 60 ತೋರಿಸುವಾಗ ಗಾಡಿ ಹೋಗ್ತಿರೋದು 66 ಹತ್ತಿರ. ಓಡೋಮೀಟರ್ 1.12 ಲಕ್ಷ ಅನ್ನೋದರಲ್ಲಿ ಈ ಟೈರ್ ಮೇಲೆ ಓಡಿದ ಭಾಗಕ್ಕೂ ಅಷ್ಟೇ ಸೇರಿಸಿ. ಪಿಕಪ್ ಕುಂದಿರುತ್ತೆ, ಕ್ಲಚ್ ಜಾಸ್ತಿ ಸವೆದಿರುತ್ತೆ. ಭಾರದ ಮಡ್ ಟೈರ್ ಸರಿಯಾಗಿ ಬ್ಯಾಲೆನ್ಸ್ ಆಗದಿದ್ರೆ ಸಣ್ಣ ನಡುಕವನ್ನೂ ದೊಡ್ಡದು ಮಾಡುತ್ತೆ.

ಪ್ರಶ್ನೆ ಇನ್ನೊಂದಿದೆ. ಆ ಟೈರ್ ಏನೂ ಮಾಡದೆ ಹಾಕಿದ್ರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಗುಂಡಿಗೆ ಇಳಿದಾಗ ಮಡ್‌ಗಾರ್ಡ್‌ಗೆ ಉಜ್ಜುತ್ತೆ. ಉಜ್ಜುತ್ತಾ?

ಹೊಸಹಾದಿ
ಇಲ್ಲ. ಆರಾಮಾಗಿ ತಿರುಗುತ್ತೆ.

ಲೋ ರೇಂಜ್
ಹಾಗಾದ್ರೆ ಬಾಡಿ ಲಿಫ್ಟ್ ಆಗಿದೆ, ಅಂದ್ರೆ ಬಾಡಿನ ಚಾಸಿಸ್‌ನಿಂದ ಮೇಲೆತ್ತಿ ಕೂರಿಸಿದ್ದಾರೆ ಅಂತ ನನ್ನ ಊಹೆ. ನಾಳೆ ಹೋದಾಗ ಬಾಗಿಲ ಕೆಳಗೆ ಬಗ್ಗಿ, ಚಾಸಿಸ್‌ಗೂ ಬಾಡಿಗೂ ಮಧ್ಯೆ ಏನಿದೆ ನೋಡಿ. ಕಂಪನಿಯ ರಬ್ಬರ್ ತೆಳ್ಳಗೆ ಇರುತ್ತೆ. ಅದರ ಮೇಲೆ ನೈಲಾನ್ ಅಥವಾ ಅಲ್ಯೂಮಿನಿಯಂ ದುಂಡು ಬಿಲ್ಲೆ ಇದ್ರೆ 4ಎಲ್ ಹಾರೋಕೆ ಕಾರಣ ಸಿಕ್ಕಿತು ಅಂದ್ಕೊಳ್ಳಿ.

ಟಾರ್ ರೋಡ್ ತಮ್ಮಯ್ಯ
ಹೋದಾಗ ನೈಸ್ ರೋಡಿಗೆ ತಗೊಂಡು 4ಎಚ್ (ಫೋರ್‌ವೀಲ್‌ನ ಹೈ ಗಿಯರ್) ಹಾಕಿ ಒಂದು ಹತ್ತು ಕಿ.ಮೀ. ಓಡ್ಸಿ ನೋಡಿ. ಗಿಯರ್ ಸದ್ದು ಬಂದ್ರೆ ಗೊತ್ತಾಗುತ್ತೆ.

ಎಲೆಪಟ್ಟಿ
ತಮ್ಮಯ್ಯ, ದಯವಿಟ್ಟು ಬೇಡ. ಜಿಪ್ಸಿದು ಪಾರ್ಟ್ ಟೈಮ್ ಫೋರ್‌ವೀಲ್, ಮಧ್ಯೆ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನ ಮೇಲೆ 4ಎಚ್ ಹಾಕಿ ತಿರುವಿನಲ್ಲಿ ಹೋದ್ರೆ ಮುಂದಿನ ಚಕ್ರಗಳು ಹೆಚ್ಚು ದೂರ ಓಡ್ಬೇಕು, ಹಿಂದಿನವು ಕಡಿಮೆ. ಆ ವ್ಯತ್ಯಾಸಕ್ಕೆ ದಾರಿ ಇಲ್ಲದೆ ಪ್ರೊಪೆಲ್ಲರ್ ಶಾಫ್ಟು, ಟ್ರಾನ್ಸ್‌ಫರ್ ಗಿಯರು (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚೋದು) ತಿರುಚಿಕೊಳ್ತವೆ. ಲಿವರ್ ವಾಪಸ್ ಬರೋದೇ ಇಲ್ಲ. ಮಾರೋರ ಎದುರೇ ಮುರಿದ್ರೆ ಗಾಡಿ ನಿಮ್ಮದೇ ಆಗುತ್ತೆ.

ಟಾರ್ ರೋಡ್ ತಮ್ಮಯ್ಯ
ನೈಸ್ ರೋಡ್ ನೇರ ಇದೆಯಲ್ಲ ಗುರು

ಎಲೆಪಟ್ಟಿ
ನಾಲ್ಕೂ ಟೈರ್ ಒಂದೇ ಸಮ ಸವೆದಿರಲ್ಲ, ಗಾಳಿ ಒಂದೇ ಸಮ ಇರಲ್ಲ. ನೇರದಲ್ಲೂ ತಿರುಚುತ್ತೆ, ನಿಧಾನಕ್ಕೆ. ನೈಸ್ ರೋಡ್ ನಡುಕ ನೋಡೋಕೆ ಒಳ್ಳೇದು: 2ಎಚ್‌ನಲ್ಲಿ (ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ) 50ರಿಂದ 80ರವರೆಗೆ ನಿಧಾನಕ್ಕೆ ಏರಿಸಿ, ಸೇತುವೆ ಜಾಯಿಂಟ್ ಮೇಲೆ ಹೋಗುವಾಗ ಸ್ಟೀರಿಂಗನ್ನ ಎರಡೂ ಕೈಲಿ ಹಿಡ್ಕೊಂಡಿರಿ. ಫೋರ್‌ವೀಲ್ ಮಾತ್ರ ಮಣ್ಣಲ್ಲೇ ನೋಡಿ.

ಹಳೇ ಸ್ಪ್ಯಾನರ್
ಮಣ್ಣಿಗೆ ಹೋಗೋಕೂ ಮುಂಚೆ ಹಬ್ (ಮುಂದಿನ ಚಕ್ರವನ್ನ ಆಕ್ಸಲ್‌ಗೆ ಲಾಕ್ ಮಾಡೋದು) ನೋಡಿ, ನಿಂತ ಜಾಗದಲ್ಲೇ ಆಗುತ್ತೆ. ಗಾಡಿ 2ಎಚ್‌ನಲ್ಲಿ, ಗಿಯರ್ ನ್ಯೂಟ್ರಲ್. ಮುಂದಿನ ಎರಡೂ ಹಬ್ ಫ್ರೀಗೆ ತಿರುಗಿಸಿ. ಒಬ್ರು ಗಾಡೀನ ಎರಡಡಿ ತಳ್ಳಲಿ, ನೀವು ಕೆಳಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಕಣ್ಣಿಡಿ. ಅದು ತಿರುಗಬಾರದು. ಈಗ ಹಬ್ ಲಾಕ್ ಮಾಡಿ ಮತ್ತೆ ತಳ್ಳಿ. ತಿರುಗಲೇಬೇಕು. ಹಬ್ಬಿನ ಗುಂಡಿ ಬೆರಳಲ್ಲಿ ತಿರುಗದೆ ಪ್ಲೈಯರ್ ಬೇಕಾದ್ರೆ ಒಳಗೆ ಗ್ರೀಸ್ ಒಣಗಿ ಕೆಸರು ಸೇರಿದೆ. ಸ್ವಚ್ಛ ಮಾಡಿದ್ರೆ ಬಹಳಷ್ಟು ಸಲ ಸರಿಹೋಗುತ್ತೆ. ಕೆಲವು ಗಾಡೀಲಿ ಹಬ್ ಕಿತ್ತು ಫಿಕ್ಸ್ ಪ್ಲೇಟ್ ಹಾಕಿರ್ತಾರೆ. ಆಗ ಮುಂದಿನ ಶಾಫ್ಟ್ ಯಾವಾಗ್ಲೂ ತಿರುಗ್ತಾನೇ ಇರುತ್ತೆ. ತಪ್ಪೇನಲ್ಲ, ಪೆಟ್ರೋಲ್ ಸ್ವಲ್ಪ ಕುಡಿಯುತ್ತೆ, ಅದರ ಕ್ರಾಸ್ (ಶಾಫ್ಟಿನ ಜಾಯಿಂಟು) ಬೇಗ ಸವೆಯುತ್ತೆ.

ಬಸವನಗುಡಿ ಬೈಟು
ಇಷ್ಟು ಕಷ್ಟ ಪಡೋ ಬದಲು ಜಿಮ್ನಿ ತಗೊಳ್ಳಬಾರದಾ? ಅದೇ ಮಾರುತಿ, ಅದೇ ವಂಶ.

ಚುರುಮುರಿ
3.6 ಲಕ್ಷದ ಪ್ರಶ್ನೆಗೆ ಜಿಮ್ನಿ ಉತ್ತರ. ಮಸಾಲೆದೋಸೆ ಕೇಳಿದೋನಿಗೆ ಹೋಟೆಲ್ ತಗೋ ಅಂದ ಹಾಗಾಯ್ತು.

ಬಸವನಗುಡಿ ಬೈಟು
ಕಾಯಿಲ್ ಸ್ಪ್ರಿಂಗು, ಏರ್‌ಬ್ಯಾಗು, ಎಬಿಎಸ್ಸು, ಎಸಿ. ಜಿಪ್ಸಿಯಲ್ಲಿ ಇದರಲ್ಲಿ ಒಂದಾದ್ರೂ ಇದೆಯಾ? ಪವರ್ ಸ್ಟೀರಿಂಗೂ ಇಲ್ಲ ಬಹಳಷ್ಟರಲ್ಲಿ. ನಾಲ್ಕೂ ಕಡೆ ಎಲೆಪಟ್ಟಿ (ಲೀಫ್ ಸ್ಪ್ರಿಂಗು), ಸ್ಪೀಡ್ ಬ್ರೇಕರ್ ಮೇಲೆ ಹಲ್ಲು ಲೆಕ್ಕ ಸಿಗುತ್ತೆ.

ಎಲೆಪಟ್ಟಿ
ನನ್ನ ಹೆಸರು ತೆಗೀಬೇಡಿ 😄 ಸುರಕ್ಷತೆ ಮಾತು ಒಪ್ಪಿದೆ. ಮಕ್ಕಳನ್ನ ಹಿಂದಿನ ಅಡ್ಡ ಬೆಂಚಲ್ಲಿ ಕೂರಿಸ್ಕೊಂಡು ಹೈವೇಗೆ ಹೋಗೋ ಗಾಡಿ ಇದಲ್ಲ. ಅದೊಂದು ಕಾರಣಕ್ಕೆ ಬೇಡ ಅಂದ್ರೆ ನಾನೂ ಸೈ. ಆದ್ರೆ ಒಂದು ಟನ್ ಆಸುಪಾಸಿನ ತೂಕ, 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, 2375 ಮಿ.ಮೀ. ವೀಲ್‌ಬೇಸ್. ಕೆಸರಲ್ಲಿ ಹಗುರ ಗಾಡಿ ತೇಲುತ್ತೆ, ಭಾರದ ಗಾಡಿ ಮುಳುಗುತ್ತೆ. ಅದಕ್ಕೇ ಜನ ಇನ್ನೂ ಹುಡುಕ್ತಾರೆ.

ಆರ್‌ಟಿಓ ಅಂಗಳ
ಎಲ್ಲರೂ ಬೋಲ್ಟ್ ಎಣಿಸ್ತಿದ್ದೀರಿ, ಕಾಗದ ಯಾರೂ ನೋಡ್ತಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಗಾಡಿ 2021ರಲ್ಲಿ ಒಮ್ಮೆ ಆಗಿದೆ, ಈಗ ಎರಡನೇ ಸಲ. ಫಾರಂ 25, ಮುಗಿಯೋಕೆ ಮುಂಚಿನ 60 ದಿನದೊಳಗೆ ಅರ್ಜಿ ಹಾಕ್ಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಶುಲ್ಕ ಏರಿಸಿದೆ: 20 ವರ್ಷ ದಾಟಿದ ಕಾರಿಗೆ ನವೀಕರಣ 10,000 ರೂ. ಅದಕ್ಕೂ ಚಿಕ್ಕದಕ್ಕೆ 5,000. ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ.

ಮುಖ್ಯ ಮಾತು: ನವೀಕರಣ ಮಾರೋರ ಹೆಸರಲ್ಲೇ ಆಗಲಿ, ಆಮೇಲೆ ವರ್ಗಾವಣೆ. ಇನ್ಸ್‌ಪೆಕ್ಟರ್ ಗಾಡಿ ನೋಡಿ ಫೇಲ್ ಮಾಡಿದ್ರೆ ತಲೆನೋವು ಅವರದ್ದು. ಹಣದಲ್ಲಿ ಐದು ಸಾವಿರ ಬಿಡ್ತೀನಿ, ನೀವೇ ಮಾಡಿಸ್ಕೊಳ್ಳಿ ಅಂದ್ರೆ ಒಪ್ಪಬೇಡಿ.

ಮೆಜೆಸ್ಟಿಕ್ ಮಾವ
20 ವರ್ಷ ಆದ್ಮೇಲೆ ಗುಜರಿಗೇ ಹಾಕ್ಬೇಕಂತಲ್ಲ?

ಆರ್‌ಟಿಓ ಅಂಗಳ
ಅದು ದೆಹಲಿ ಸುದ್ದಿ ಕಲಸಿಕೊಂಡಿರೋದು. ವಯಸ್ಸಿನ ಲೆಕ್ಕದಲ್ಲಿ ಓಡಿಸಬಾರದು ಅನ್ನೋ ಆದೇಶಗಳು ದೆಹಲಿ ಸುತ್ತಮುತ್ತಲಿಗೆ. ಬೆಂಗಳೂರಲ್ಲಿ ಫಿಟ್‌ನೆಸ್ ಪಾಸಾದ್ರೆ ಓಡಿಸಬಹುದು.

ಪಾಸಾಗೋಕೆ ಅಡ್ಡಿ ಇನ್ನೊಂದಿದೆ. ಬಾಡಿ ಲಿಫ್ಟ್, ಸೈಜ್ ಮೀರಿದ ಟೈರ್ ಎರಡೂ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಕೆಳಗೆ ಬರೋ ಮಾರ್ಪಾಡು. ಕಂಪನಿ ಕೊಟ್ಟ ವಿವರ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮುಂದೆ ದೊಡ್ಡ ಕಬ್ಬಿಣದ ಬುಲ್ ಬಾರ್ ಇದ್ರೆ ಅದಕ್ಕೆ 2017ರ ಡಿಸೆಂಬರಿಂದಲೇ ಕೇಂದ್ರದ ತಡೆ ಇದೆ. ಇವನ್ನೆಲ್ಲ ಮೂಲಕ್ಕೆ ತಂದು, ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕ್ಸಿ ತರಲಿ.

ಆರ್‌ಸಿಯಲ್ಲಿ ಸಾಲ ನಮೂದಾಗಿದ್ರೆ ಫಾರಂ 35 ಬೇಕು, ವರ್ಗಾವಣೆಗೆ 29 ಮತ್ತು 30. ಬಾಕಿ ದಂಡ ಟ್ರಾಫಿಕ್ ಪೊಲೀಸ್ ಸೈಟಲ್ಲಿ ನೋಡಿ. ಚಾಸಿಸ್ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀರಿ, ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಅಂಕಿ ಸುತ್ತ ಗ್ರೈಂಡಿಂಗ್ ಗೆರೆ ಕಂಡ್ರೆ ಅಲ್ಲಿಂದಲೇ ಮನೆಗೆ ಬನ್ನಿ.

ಚುರುಮುರಿ
ಇನ್ಶೂರೆನ್ಸ್?

ಆರ್‌ಟಿಓ ಅಂಗಳ
1298 ಸಿಸಿ. 1000ದಿಂದ 1500 ಸಿಸಿ ಗುಂಪಿಗೆ 2022ರ ಜೂನ್‌ನಲ್ಲಿ ನಿಗದಿ ಆದ ಥರ್ಡ್ ಪಾರ್ಟಿ ದರ 3,416 ರೂ. ಈ ವಯಸ್ಸಿಗೆ ಫುಲ್ ಕವರ್ ಕೊಡೋಕೆ ಕಂಪನಿಗಳು ಹಿಂಜರಿತವೆ, ಕೊಟ್ರೂ ಗಾಡಿಗೆ ಕಟ್ಟೋ ಬೆಲೆ ನೋಡಿದ್ರೆ ನಗು ಬರುತ್ತೆ.

ಜಾಲಹಳ್ಳಿ ಕ್ರಾಸ್
ಮಿಲಿಟರಿ ಹರಾಜಿನ ಜಿಪ್ಸಿ ಕಡಿಮೆಗೆ ಸಿಗುತ್ತಲ್ಲ, ಅದು ಹೇಗೆ?

ಎಲೆಪಟ್ಟಿ
ಬೇರೆ ಥ್ರೆಡ್ ಬೇಕು ಅದಕ್ಕೆ. ಒಂದೇ ಮಾತು: ನೋಂದಣಿ ವರ್ಷಕ್ಕೆ ಮರುಳಾಗದೆ ಆರ್‌ಸಿಯಲ್ಲಿ ತಯಾರಾದ ತಿಂಗಳು ವರ್ಷ ನೋಡಿ. ಹೊರರಾಜ್ಯದ್ದಾದ್ರೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ, ಕಡಿಮೆ ಅನ್ನೋದು ಕರಗಿಹೋಗುತ್ತೆ.

ಹೊಸಹಾದಿ
ಹೋಗಿ ಬಂದೆ. ಲೋ ರೇಂಜ್ ಅವರಿಗೆ ಕೈ ಮುಗಿದೆ. ಬಾಡಿಗೂ ಚಾಸಿಸ್‌ಗೂ ಮಧ್ಯೆ ಕಪ್ಪು ನೈಲಾನ್ ಬಿಲ್ಲೆಗಳಿವೆ, ಎರಡು ಇಂಚು ದಪ್ಪ. ಬ್ರೇಕ್ ಒತ್ತಿ ಅಲ್ಲಾಡಿಸಿದ್ರೂ ಎಡ ಚಕ್ರದಲ್ಲಿ ಆಟ ಇದೆ, ಬಲದಲ್ಲಿ ಇಲ್ಲ. ಹಬ್ ಎರಡೂ ಕೆಲಸ ಮಾಡ್ತವೆ.

ಲೋ ರೇಂಜ್
ಟ್ರಾನ್ಸ್‌ಫರ್ ಕೇಸ್ ಕೂತಿರೋದು ಚಾಸಿಸ್ ಮೇಲೆ, ಲಿವರ್ ತೂರಿ ಬರೋದು ಬಾಡಿಯ ನೆಲದಲ್ಲಿ. ಬಾಡಿ ಎರಡಿಂಚು ಮೇಲೆ ಹೋಯ್ತು, ಲಿವರ್ ಅಲ್ಲೇ ಉಳೀತು. ನೆಲದ ಕಂಡಿಯ ಅಂಚಿಗೆ ಲಿವರ್ ತಾಗುತ್ತೆ, ಗಿಯರ್ ಪೂರ್ತಿ ಕಚ್ಚೋಕೆ ಮುಂಚೆ ನಿಲ್ಲುತ್ತೆ. ಅರ್ಧ ಕಚ್ಚಿದ ಗಿಯರ್ ಭಾರ ಬಿದ್ದಾಗ ಹಾರುತ್ತೆ.

ಪಕ್ಕಾ ಮಾಡ್ಕೊಳ್ಳಿ: ಲಿವರಿನ ರಬ್ಬರ್ ಬೂಟ್ ಬಿಚ್ಚಿ, ಎಂಜಿನ್ ಆಫ್, 4ಎಲ್‌ಗೆ ಎಳೀರಿ. ಲಿವರ್ ತಗಡಿಗೆ ತಾಗಿದ ಕಡೆ ಬಣ್ಣ ಹೋಗಿ ಹೊಳೀತಿರುತ್ತೆ. ಬೆರಳು ತೂರದಷ್ಟು ಹತ್ತಿರ ಇದ್ರೆ ಅದೇ. ಜಾಗ ಬೇಕಾದಷ್ಟಿದ್ದೂ ಹಾರಿದ್ರೆ ಮೂರು ಅನುಮಾನ. ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್ ಹರಿದಿದೆ, ಇದು ಅಗ್ಗ. ಲಿವರನ್ನ ಜಾಗದಲ್ಲಿ ಹಿಡಿಯೋ ಗೋಲಿಯ ಸ್ಪ್ರಿಂಗ್ ಸೋತಿದೆ, ಇದೂ ಅಗ್ಗ. ಒಳಗೆ ಗಿಯರಿನ ಹಲ್ಲಿನ ಅಂಚು ದುಂಡಗಾಗಿದೆ ಅಥವಾ ಶಿಫ್ಟ್ ಫೋರ್ಕ್ ಸವೆದಿದೆ, ಆಗ ಕೇಸ್ ಇಳಿಸಲೇಬೇಕು. ಎಷ್ಟು ದಿನ ಹೀಗೆ ಹಾರ್ತಾ ಓಡಿದೆ ಅನ್ನೋದರ ಮೇಲೆ ಮೂರನೇದು ನಿಂತಿದೆ. ಹಾರಿದ ಪ್ರತಿ ಸಲ ಹಲ್ಲಿನ ಅಂಚು ಸ್ವಲ್ಪ ಸ್ವಲ್ಪ ತಿಂದಿರುತ್ತೆ.

ಗ್ರೀಸ್ ಕೈ
ಎಂಜಿನ್ ಬಿಸಿಗೂ ಇದೇ ಬಿಲ್ಲೆ ಕಾರಣ ಇರಬಹುದು. ಬಾಡಿ ಜೊತೆ ಮುಂಭಾಗ ಮೇಲೇರಿದ್ರೆ ಫ್ಯಾನ್ ರೇಡಿಯೇಟರಿನ ಮಧ್ಯಕ್ಕೆ ಬರಲ್ಲ. ಶ್ರೌಡ್‌ಗೆ (ಫ್ಯಾನ್ ಸುತ್ತಲಿನ ಕವಚ) ತಾಗುತ್ತೆ ಅಂತ ಅದನ್ನ ಕಿತ್ತು ಬಿಸಾಕಿರ್ತಾರೆ. ಶ್ರೌಡ್ ಇದೆಯಾ ನೋಡಿ. ಅದಿಲ್ಲದಿದ್ರೆ ನಿಂತಾಗ ಗಾಳಿ ಎಳೆಯಲ್ಲ, ಓಡುವಾಗ ಪರವಾಗಿಲ್ಲ. ಸಿಗ್ನಲ್‌ನಲ್ಲಿ ಮಾತ್ರ ಬಿಸಿ ಅನ್ನೋದಕ್ಕೆ ತಾಳೆ ಆಗುತ್ತೆ.

ಅದರ ಜೊತೆ ಫ್ಯಾನ್ ಕ್ಲಚ್. ಎಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕ್ಕೊಂಡು, ಫ್ಯಾನನ್ನ ಕೈಲಿ ತಿರುಗಿಸಿ ಬಿಡಿ. ಗಟ್ಟಿಯಾಗಿ ಕಾಲು ಸುತ್ತು ಹೋಗಿ ನಿಲ್ಲಬೇಕು. ಜಾತ್ರೆ ಗಿರಗಿಟ್ಲೆ ಹಾಗೆ ಸುತ್ತಿದ್ರೆ ಒಳಗಿನ ಸಿಲಿಕಾನ್ ಎಣ್ಣೆ ಸೋರಿದೆ. ರೇಡಿಯೇಟರ್ ಮುಚ್ಚಳ ಮಾತ್ರ ತಣ್ಣಗಿದ್ದಾಗಲೇ ತೆಗೀರಿ: ಕಂದು ನೀರು ಅಂದ್ರೆ ತುಕ್ಕು, ಕೂಲೆಂಟ್ ಹಾಕಿಲ್ಲ. ಹಾಲು ಕಲಸಿದ ಚಾ ಥರ ಇದ್ರೆ, ಅಥವಾ ಎಂಜಿನ್ ಆಯಿಲ್ ಮುಚ್ಚಳದೊಳಗೆ ಬೆಣ್ಣೆ ಥರ ನೊರೆ ಇದ್ರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗಿರೋ ಅನುಮಾನ.

ಬಿಸಿ ಆಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತೆಸೆಯೋ ಚಾಳಿ ಕೆಲವು ಗ್ಯಾರೇಜಲ್ಲಿದೆ. ಹಾಗಾಗಿದ್ರೆ ಹೈವೇಲಿ ಮುಳ್ಳು ಕೆಳಗೇ ಬಿದ್ದಿರುತ್ತೆ. ಎಂಜಿನ್ ಇನ್ನೂ ತಣ್ಣಗಿದೆ ಅಂದ್ಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಸುರೀತಾನೇ ಇರುತ್ತೆ.

ಹಳೇ ಸ್ಪ್ಯಾನರ್
ಬಿಸಿ ತಿಂದ ಎಂಜಿನ್ ಆದ್ರಿಂದ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ಇಲ್ಲದೆ ಅಡ್ವಾನ್ಸ್ ಕೊಡ್ಬೇಡಿ. ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡ್ಬೇಕು. ಈ 1.3 ಕುಟುಂಬಕ್ಕೆ 14 ಕೆ.ಜಿ. ಪ್ರತಿ ಚದರ ಸೆಂ.ಮೀ. ಒಳ್ಳೇದು, 12 ಕನಿಷ್ಠ. ಸಿಲಿಂಡರಿಂದ ಸಿಲಿಂಡರಿಗೆ 1ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ರೆ ಅವೆರಡರ ಮಧ್ಯೆ ಗ್ಯಾಸ್ಕೆಟ್ ಸುಟ್ಟಿದೆ.

ಐಡಲ್‌ನಲ್ಲಿ ಕ್ರ್ಯಾಂಕ್ ಪುಲ್ಲಿ ನೋಡಿ. ಓಲಾಡಿದ್ರೆ ಅದರ ಬೋಲ್ಟ್ ಸಡಿಲ ಆಗಿ ಕೀಲಿ ಕೂರೋ ಕಚ್ಚು ತಿಂದಿರಬಹುದು, ಅದು ದೊಡ್ಡ ರಿಪೇರಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ರೆ ಹಾಕೇ ಇಲ್ಲ ಅಂತ ಲೆಕ್ಕ.

ಚುರುಮುರಿ
ಗಾಡಿ ನೋಡೋಕೆ ಹೋಗಿ ಅರ್ಧ ಎಂಜಿನ್ ಬಿಚ್ಚಿದ್ರೆ ಮಾರೋರು ಸುಮ್ನಿರ್ತಾರಾ

ಹಳೇ ಸ್ಪ್ಯಾನರ್
ಪ್ಲಗ್ ಬಿಚ್ಚೋಕೆ ಬಿಡದೋರು ಮಾರೋಕೆ ಬಂದಿಲ್ಲ.

ಎಲೆಪಟ್ಟಿ
ಈಗ ತುಕ್ಕು. ಬೆಂಗಳೂರಲ್ಲಿ ಕಡಲ ಉಪ್ಪಿಲ್ಲ. ಸಾಫ್ಟ್ ಟಾಪ್ ಗಾಡಿಯ ನೆಲ ಇಲ್ಲಿ ಕೊಳೆಯೋದು ಮೇಲಿಂದ. ಬಾಗಿಲ ರಬ್ಬರ್, ವಿಂಡ್‌ಶೀಲ್ಡ್ ಫ್ರೇಮಿನ ಬುಡದಿಂದ ಮಳೆನೀರು ಇಳಿದು ರಬ್ಬರ್ ಮ್ಯಾಟ್ ಕೆಳಗೆ ನಿಲ್ಲುತ್ತೆ, ನೀರು ಹೋಗೋ ತೂತಿನ ಬಿರಡೆ ಕಟ್ಟಿರುತ್ತೆ. ಮ್ಯಾಟ್ ಎತ್ತಿ ಮೂಸಿ. ಮೇಲಿನ ಮೈ ಪದರ ಪದರ ಎದ್ದು ಕೆಳಗಿನ ಮೈ ಪರವಾಗಿಲ್ಲ ಅಂದ್ರೆ ನಿಮ್ಮ ತೂತು ಆ ಜಾತಿ. ಅದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಚಾಸಿಸ್. ಅದು ಪೆಟ್ಟಿಗೆ ಥರ ಮುಚ್ಚಿದ ರೈಲು, ಒಳಗೆ ಕೆಸರು ಹೋದ್ರೆ ಹೊರಗೆ ಬರಲ್ಲ, ಒಳಗಿಂದಲೇ ತಿನ್ನುತ್ತೆ. ಚಿಕ್ಕ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟಿ. ಹಿಂದಿನ ಆಕ್ಸಲ್ ಮೇಲೆ ರೈಲು ಡೊಂಕಾಗೋ ಜಾಗ, ಎಲೆಪಟ್ಟಿ ಹ್ಯಾಂಗರ್ ಮತ್ತು ಶ್ಯಾಕಲ್ ಕೂರೋ ಜಾಗ, ಹಿಂದಿನ ಕ್ರಾಸ್ ಮೆಂಬರ್. ಟಣ್ ಅಂದ್ರೆ ಲೋಹ. ಡಬ್ ಅಂದ್ರೆ ಒಳಗೆ ಮಣ್ಣು ಇಲ್ಲಾ ತಗಡು ತೆಳ್ಳಗೆ. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಒಳಗೆ ಹೋದ್ರೆ ಮಾತು ಮುಗೀತು. ಬಾಡಿಗೆ ಆಯಸ್ಕಾಂತ ಹಿಡೀರಿ, ಅಂಟದ ಕಡೆ ಪುಟ್ಟಿ ಇದೆ.

ನೆಲದ ರಿಪೇರಿಗೆ 18 ಗೇಜ್ ತಗಡು. ಕೊಳೆತದ್ದನ್ನ ಗಟ್ಟಿ ಲೋಹ ಸಿಗೋ ತನಕ ಕತ್ತರಿಸಿ ತೆಗೆದು, ಸುತ್ತ ಪೂರ್ತಿ ವೆಲ್ಡ್, ಮೇಲೆ ಸೀಲರ್, ಆಮೇಲೆ ಪೇಂಟ್. ಹಳೇ ತುಕ್ಕಿನ ಮೇಲೇ ಹೊಸ ತಗಡು ರಿವೆಟ್ ಹೊಡೆದ್ರೆ ಎರಡರ ಮಧ್ಯೆ ನೀರು ಕೂತು ಎರಡು ಮಳೆಗಾಲ ತಾಳಲ್ಲ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ನೆಗೆಟಿವ್ ತೆಗೀರಿ, ಇಸಿಯು ಸುಟ್ಟೀತು. ಕೆಳಗೆ ಪೆಟ್ರೋಲ್ ಪೈಪ್ ಹಾದಿರುತ್ತೆ, ವೆಲ್ಡರಿಗೆ ತೋರಿಸಿ ಹೇಳಿ.

ಟಾರ್ ರೋಡ್ ತಮ್ಮಯ್ಯ
ಈಗಿನ ಇ20 ಪೆಟ್ರೋಲ್ (20 ಪರ್ಸೆಂಟ್ ಎಥನಾಲ್ ಬೆರೆಸಿದ್ದು) ಈ ಹಳೇ ಗಾಡಿಗೆ ಆಗುತ್ತಾ? ಈ ಸಲ ಸರಿಯಾದ ಪ್ರಶ್ನೆ ಕೇಳಿದೀನಿ ಅಂದ್ಕೊತೀನಿ.

ಹಳೇ ಸ್ಪ್ಯಾನರ್
ಸರಿಯಾದ್ದೇ. ಓಡುತ್ತೆ, ಆದ್ರೆ 2006ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಪೆಟ್ರೋಲ್ ಹೋಸುಗಳನ್ನ ಎಥನಾಲ್ ತಡೆಯೋವಕ್ಕೆ ಬದಲಿಸಿ, ಫಿಲ್ಟರ್ ಬದಲಿಸಿ. ಎಥನಾಲ್ ನೀರು ಹೀರುತ್ತೆ, ವಾರಗಟ್ಲೆ ನಿಲ್ಲಿಸೋ ಗಾಡಿ ಅಂದ್ರೆ ಟ್ಯಾಂಕ್ ಒಳಗೆ ತುಕ್ಕು. ಬಾಡಿ ಲಿಫ್ಟಿಂದ ಪೆಟ್ರೋಲ್ ತುಂಬೋ ಹೋಸ್ ಎಳೆದುಕೊಂಡಿರುತ್ತೆ, ಅಲ್ಲಿ ಬಿರುಕಿದೆಯಾ ಅಂತಲೂ ನೋಡಿ.

ಮೆಜೆಸ್ಟಿಕ್ ಮಾವ
ತಗೊಂಡ್ರೆ ಗಿಯರ್‌ಬಾಕ್ಸು, ಟ್ರಾನ್ಸ್‌ಫರು, ಡಿಫರೆನ್ಷಿಯಲ್ಲು ಎಲ್ಲದಕ್ಕೂ ಒಂದೇ 90 ನಂಬರ್ ಜಿಎಲ್-5 ಗಿಯರ್ ಆಯಿಲ್ ಹಾಕ್ಬಿಡಿ. ಒಂದೇ ಡಬ್ಬ, ತಲೆನೋವಿಲ್ಲ.

ಗ್ರೀಸ್ ಕೈ
ಮಾವ ಮಾವ. ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಕೇ ಬೇಕು, ಅಲ್ಲಿ ಹೈಪಾಯ್ಡ್ ಗಿಯರ್ ಉಜ್ಜಾಟ ಜಾಸ್ತಿ. ಗಿಯರ್‌ಬಾಕ್ಸಲ್ಲಿ ಹಿತ್ತಾಳೆ ಸಿಂಕ್ರೊ ರಿಂಗ್ ಇದೆ. ಜಿಎಲ್-5ನ ಗಂಧಕದ ಮಿಶ್ರಣ ಹಳದಿ ಲೋಹವನ್ನ ತಿನ್ನುತ್ತೆ. ಅಲ್ಲಿಗೆ, ಟ್ರಾನ್ಸ್‌ಫರ್‌ಗೆ 75ಡಬ್ಲ್ಯೂ-90 ಜಿಎಲ್-4. ಗಿಯರ್‌ಬಾಕ್ಸ್ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ 0.8, ಮುಂದಿನ ಡಿಫರೆನ್ಷಿಯಲ್ 2, ಹಿಂದಿನದು 1.5. ತುಂಬೋ ತೂತಿನ ಅಂಚಿಗೆ ಬರೋ ತನಕ ಹಾಕಿ.

ಮತ್ತೊಂದು: ಇಳಿಸೋ ಬೋಲ್ಟ್ ಬಿಚ್ಚೋಕೆ ಮುಂಚೆ ತುಂಬೋ ಬೋಲ್ಟ್ ಬಿಚ್ಚುತ್ತಾ ನೋಡಿ. ಎಣ್ಣೆ ಖಾಲಿ ಮಾಡಿ ಆಮೇಲೆ ತುಂಬೋದು ಬಿಚ್ಚಲಿಲ್ಲ ಅಂದ್ರೆ ಗಾಡಿ ಅಲ್ಲೇ.

ಮೆಜೆಸ್ಟಿಕ್ ಮಾವ
ಸರಿ ಸರಿ, ಜಿಎಲ್-4. ಇವತ್ತು ನನಗೆ ಎರಡನೇ ಪಾಠ.

ಹೊಸಹಾದಿ
ಎರಡನೇ ಭೇಟಿ ವರದಿ. ಚಾಸಿಸ್ ತಟ್ಟಿದೆ. ಎಲ್ಲ ಕಡೆ ಟಣ್, ಹಿಂದಿನ ಕ್ರಾಸ್ ಮೆಂಬರ್ ಬಲ ತುದೀಲಿ ಮಾತ್ರ ಡಬ್. ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ, ಒಳಗಿಂದ ಒಣ ಮಣ್ಣು ಉದುರಿತು. ಕಂಪ್ರೆಶನ್ 13, 13, 12.5, 13. ಫ್ಯಾನ್ ಶ್ರೌಡ್ ಇಲ್ಲವೇ ಇಲ್ಲ. ಲಿವರ್ ತಗಡಿಗೆ ತಾಗಿದ ಜಾಗ ಹೊಳೀತಿದೆ. ಚಾಸಿಸ್ ನಂಬರ್ ತಾಳೆ ಆಯ್ತು, ಸಾಲ ಇಲ್ಲ. ಬಿಲ್ಲೆ, ದೊಡ್ಡ ಟೈರ್ ತೆಗೆದು ಹಳೇ ಟೈರ್ ಹಾಕ್ಕೊಡ್ತೀನಿ, ಎಫ್‌ಸಿ ನಾನೇ ಮಾಡಿಸ್ತೀನಿ ಅಂದ್ರು. ಎಷ್ಟಕ್ಕೆ ಕೇಳ್ಲಿ?

ಎಲೆಪಟ್ಟಿ
ಹಾಗಾದ್ರೆ ನನ್ನ ಕಡೆಯಿಂದ ತಗೊಳ್ಳಿ. ಮಣ್ಣು ಉದುರಿದ ಕಡೆ ಪ್ರೆಶರ್ ವಾಟರ್ ಹೊಡೆದು ತೊಳೆಸಿ, ಒಣಗಿದ ಮೇಲೆ ಮತ್ತೆ ತಟ್ಟಿ.

ದರ: ಎರಡೂ ಕಡೆಯ ಕಿಂಗ್‌ಪಿನ್ ಮತ್ತು ಸೀಲ್, ನೆಲದ ವೆಲ್ಡಿಂಗ್, ಶ್ರೌಡ್ ಮತ್ತು ರೇಡಿಯೇಟರ್ ಸರ್ವಿಸ್, ಟೈಮಿಂಗ್ ಬೆಲ್ಟ್, ಎಣ್ಣೆಗಳು, ಹೋಸು. ಇದಕ್ಕೆಲ್ಲ 60-70 ಸಾವಿರ ಪಕ್ಕಕ್ಕಿಡಿ. ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾಗಿ ಬಂದ್ರೆ ಅಂತ ಇನ್ನೊಂದು 20. ಅಂದ್ರೆ 2.7ರಿಂದ ಶುರು ಮಾಡಿ, 2.85 ಮೇಲೆ ಹೋಗ್ಬೇಡಿ.

ಬಸವನಗುಡಿ ಬೈಟು
ನಾನಾದ್ರೆ 2.5. ಆ ದೊಡ್ಡ ಟೈರ್ ಅವರೇ ಇಟ್ಕೊಂಡು ಮಾರ್ಕೊಳ್ತಾರೆ, ಅದನ್ನೂ ಲೆಕ್ಕಕ್ಕೆ ತನ್ನಿ.

ಲೋ ರೇಂಜ್
ಬಿಲ್ಲೆ ತೆಗೆದ ಮೇಲೆ ಮಣ್ಣಲ್ಲಿ 4ಎಲ್ ಮತ್ತೆ ನೋಡಿ ಆಮೇಲೆ ಹಣ ಕೊಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಂದ್ಸಲ, ಇಳಿಜಾರಲ್ಲಿ ಕಾಲು ತೆಗೆದು ಎಂಜಿನ್ ಬ್ರೇಕ್ ಮೇಲೆ ಒಂದ್ಸಲ. ಎರಡರಲ್ಲೂ ನಿಂತ್ರೆ ಆ 20 ಸಾವಿರ ನಿಮ್ಮ ಜೇಬಲ್ಲೇ.

ಹೊಸಹಾದಿ
2.8ಕ್ಕೆ ಮಾತಾಯ್ತು, 4ಎಲ್ ಪರೀಕ್ಷೆ ಆದ್ಮೇಲೆ ಹಣ. ಕಿಂಗ್‌ಪಿನ್ ಕೆಲಸಕ್ಕೆ ಗ್ಯಾರೇಜಿಗೆ ಏನು ಹೇಳ್ಬೇಕು?

ಗ್ರೀಸ್ ಕೈ
ಕಿಂಗ್‌ಪಿನ್ ಕೆಳಗೆ ತೆಳು ಶಿಮ್ (ತಗಡಿನ ಹಾಳೆ) ಇರ್ತವೆ, ಬೇರಿಂಗ್ ಬಿಗಿ ಅದರಿಂದಲೇ ಬರೋದು. ಬಿಚ್ಚುವಾಗ ಯಾವ ಕಡೆ, ಮೇಲೆ ಎಷ್ಟು ಕೆಳಗೆ ಎಷ್ಟು ಅಂತ ಬೇರೆ ಬೇರೆ ಕವರಲ್ಲಿ ಹಾಕಿ ಬರೆದಿಡೋಕೆ ಹೇಳಿ. ಒಂದೇ ತಟ್ಟೇಲಿ ಸುರಿದ್ರೆ ಕೆಲಸ ಕೆಟ್ಟಿತು. ಬೇರಿಂಗ್ ಹಾಕುವಾಗ ಹೊರಗಿನ ಕಪ್ ಕೂಡ ಹೊಸದೇ ಹಾಕ್ಬೇಕು, ಹಳೇ ಕಪ್‌ಗೆ ಹೊಸ ರೋಲರ್ ಕೂರಿಸ್ಬಾರದು.

ಜೋಡಿಸಿದ ಮೇಲೆ, ದೊಡ್ಡ ಸೀಲ್ ಹಾಕೋಕೆ ಮುಂಚೆ, ಟೈ ರಾಡ್ ಬಿಚ್ಚಿರುವಾಗಲೇ ನಕಲ್ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೀಬೇಕು. 1ರಿಂದ 1.8 ಕೆ.ಜಿ. ಒಳಗೆ ತಿರುಗೋಕೆ ಶುರು ಆಗ್ಬೇಕು. ಕಡಿಮೆ ಬಂದ್ರೆ ಶಿಮ್ ತೆಗೀರಿ, ಜಾಸ್ತಿ ಬಂದ್ರೆ ಸೇರಿಸಿ. ತಕ್ಕಡಿ ಗ್ಯಾರೇಜಲ್ಲಿ ಇರಲ್ಲ, ನೀವೇ ತಗೊಂಡ್ಹೋಗಿ. ಮೀನು ತೂಗೋ ಕೊಕ್ಕೆ ತಕ್ಕಡಿ ಸಾಕು.

ಚುರುಮುರಿ
ರಸೆಲ್ ಮಾರ್ಕೆಟಲ್ಲಿ ತಕ್ಕಡಿ, ಜೆಸಿ ರೋಡಲ್ಲಿ ಬೇರಿಂಗು. ಬಿಲ್ಲೆ ತೆಗೆದ ಮೇಲೆ ಫೋಟೋ ಹಾಕಿ, ಪುಟ್ಟ ಟೈರಲ್ಲಿ ಹೇಗಿದೆ ನೋಡೋಣ.